ಗಟಾರದ ಮೇಲಿನ ಹಲಗೆಗಳು

ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗ ಅದು ಮಾಡುವ ಗರ್ಜನೆಗೆ ನನ್ನ ಮೈಯೆಲ್ಲ ಉರಿಯುತ್ತದೆ. ನಾನು ಮಾರುವುದು ಶಾಲೆಯ ಮಕ್ಕಳ ಪಾಟಿ, ಪೆನ್ಸಿಲ್ಲು, ಶಾಯಿಪುಡಿ. ಸದ್ದು ಕೇಳಿದರೆ ಒಳಗೆ ಹುಲಿ ಕಟ್ಟಿಹಾಕಿದ್ದೇನೆ ಅನ್ನಬೇಕು. ಓದುಗ ಮಹಾಶಯರೇ, ನಾನು ಜನ್ಮತಃ ಕೋಪಿಷ್ಠನೆಂಬುದು ನನ್ನ ಹೆಂಡತಿಯ ಬಹುಕಾಲದ ಸಿದ್ಧಾಂತ. ಆದರೆ ಈ ಒಂದು ಕೋಪದಲ್ಲಿ ಮಾತ್ರ ಅವಳೂ ನನ್ನ ಪಕ್ಷ.

ಹೋದ ವರ್ಷದ ಯುಗಾದಿಯವರೆಗೆ ಸಿಂದಗಿಯ ನಮ್ಮ ಬಜಾರದ ಅಂಗಡಿಗಳಿಗೆಲ್ಲ ಹಲಗೆಯ ಬಾಗಿಲುಗಳಿದ್ದವು. ಡಾಂಬರಿನಲ್ಲಿ ಅಂಕಿ ಬರೆದ ಉದ್ದುದ್ದ ಹಲಗೆಗಳನ್ನು ಬೆಳಿಗ್ಗೆ ಒಂದೊಂದಾಗಿ ಕಳಚುವುದು, ಸಂಜೆ ಅದೇ ಕ್ರಮದಲ್ಲಿ ಕೂಡಿಸುವುದು. ಅವಸರದಲ್ಲಿ ನಾಲ್ಕರ ಜಾಗಕ್ಕೆ ಐದನ್ನು ತುರುಕಿ ಬೆವರು ಸುರಿಸುತ್ತ ನಿಂತ ಪಂಡಿತನೂ ನಾನೇ. ಕಳಚಿದ ಹಲಗೆಗಳನ್ನು ಅಂಗಡಿಯ ಮುಂದಿನ ಗಟಾರದ ಮೇಲೆ ಅಡ್ಡ ಹಾಸಿದರೆ ಅದೇ ಒಂದು ಕಟ್ಟೆಯಾಗುತ್ತಿತ್ತು. ನನ್ನ ಹಲಗೆಗಳ ಮೇಲೆ ಬಳೆಗಾರ್ತಿ ಹುಸೇನಬಿ ಕೂಡುತ್ತಿದ್ದಳು, ಅದೂ ನನ್ನ ತಂದೆಯ ಕಾಲದಿಂದ. ನಾನು ಬರುವುದು ತುಸು ತಡವಾದರೆ ಬುಟ್ಟಿ ಹೊತ್ತು ನಿಂತವಳು "ಯಾಕೋ ತಮ್ಮಾ, ನಿನ್ನ ಕಡಿಂದ ನನ್ನ ಅಂಗಡಿ ತಗಿಯೂದು ತಡಾ ಆತು" ಎಂದು ನನಗೇ ಗದರುವಳು. ಅವಳ ಗಿರಾಕಿಗಳ ಗದ್ದಲದಲ್ಲಿ ನನ್ನ ಗಿರಾಕಿಗಳು ಒಳಗೆ ಬರಲು ದಾರಿ ಹುಡುಕಬೇಕಾಗುತ್ತಿದ್ದುದರಿಂದ, ಅಂಗಡಿ ಯಾರದೆಂಬ ಸಂಶಯ ನನಗೂ ಇತ್ತೆನ್ನಿ.

ಈ ಸಾಲಿನ ಅಂಗಡಿಗಳ ಮಾಲಕರೇ ನಮ್ಮ ವ್ಯಾಪಾರಿ ಸಂಘದ ಅಧ್ಯಕ್ಷರು. ಅವರೊಮ್ಮೆ ಸೊಲ್ಲಾಪುರಕ್ಕೆ ಹೋಗಿಬಂದರು. ಅಲ್ಲಿಂದ ಎರಡು ಚಾದರ ತಂದಿದ್ದರೆ ಊರು ಬದುಕುತ್ತಿತ್ತು. ಮಹಾನುಭಾವರು ತಂದದ್ದು ಶಟರಿನ ವಿಚಾರ. ಇಂಡಿಗೆ ಬಂದಾಗಿದೆಯಂತೆ, ಮುದ್ದೇಬಿಹಾಳಕ್ಕೆ ಬರಲಿದೆಯಂತೆ, ಎಪ್ಪತ್ತರ ದಶಕದಲ್ಲೂ ನಾವು ಹಲಗೆ ಹೊರುತ್ತ ಕೂತರೆ ನಾಚಿಕೆಗೇಡಂತೆ. ಸಭೆಯಲ್ಲಿ ನಾನು ಎದ್ದು, "ಹಂಗಾರ ಹುಸೇನಬಿ ಎಲ್ಲಿ ಕೂಡಬೇಕ್ರಿ?" ಎಂದು ಕೇಳಿದೆ.

"ಪ್ಯಾಟಿ ಸುಧಾರಣಾ ಆಗೂ ಮುಂದ ಬಳಿ ಬುಟ್ಟಿ ಮಾತ್ಯಾಕ್ರಿ?" ಎಂದರು ಅಧ್ಯಕ್ಷರು.

ಸಭೆ ನಕ್ಕಿತು. ತಮ್ಮ ತಾಯಿ, ಹೆಂಡತಿ, ಮಗಳು ಎಲ್ಲರ ಕೈಗೂ ಬಳೆ ಇಟ್ಟವಳು ಹುಸೇನಬಿ ಎಂದು ಬಲ್ಲ ಜನವೇ ಸಂಘದ ಚಹಾ ಹೀರುತ್ತ ನಕ್ಕರು. ಥೂ ಆ ನಗುವಿಗೆ!

ಶಟರ್ ಬಂತು. ಹಲಗೆಗಳು ಬಂಡಿಯೇರಿ ಅಧ್ಯಕ್ಷರ ಮನೆಗೆ ಹೋಗಿ, ಅಲ್ಲಿ ಎತ್ತುಗಳಿಗೆ ಮೇವು ಹಾಕುವ ಗೋದಲಿಯಾದವು. ನಾನು ಬೇರೆ ಹಲಗೆ ತಂದು ಹಾಸಿದೆ. ಬಜಾರದ ಶೋಭೆಗೆ ಭಂಗವೆಂದು ಸಂಘದವರು ಅದನ್ನೂ ಎತ್ತಿಸಿದರು. ಅಂಗಡಿಯೊಳಗೆ ಕರೆಯೋಣವೆಂದರೆ, ಅಲ್ಲಿ ನನ್ನ ಹೊಟ್ಟೆಗೇ ಜಾಗ ಸಾಲದು. ಹೆಣ್ಣುಮಕ್ಕಳು ಹೊಸ ಬಳೆಯಿಲ್ಲದೆ ಜೋಕಾಲಿ ಏರದ ಪಂಚಮಿಯ ಹಬ್ಬದಲ್ಲಿ, ಆ ಮುದುಕಿ ಬುಟ್ಟಿ ಹೊತ್ತು ಓಣಿ ಓಣಿ ತಿರುಗಿದಳು. ದಸರೆಯ ಹೊತ್ತಿಗೆ ಅವಳ ಮೊಣಕಾಲು ಬಾತು ಹೋಗಿದ್ದವು. "ನಡ್ಯಾಕ ಆಗವಲ್ದು ತಮ್ಮಾ, ಬುಟ್ಟಿ ಮಾರಿ ಹಿಪ್ಪರಗಿಗೆ ಮಗಳ ಮನಿಗಿ ಹೋಗಿಬಿಡ್ತೇನಿ" ಎಂದಳು. ಶೋಭಾಯಮಾನವಾದ ಬಜಾರದಲ್ಲಿ ಗಟಾರ ಮಾತ್ರ ಮುಚ್ಚಳವಿಲ್ಲದೆ ನಾರುತ್ತಿತ್ತು.

ತುಳಸಿ ಲಗ್ನ ಮುಗಿಯುತ್ತಲೇ ಅಧ್ಯಕ್ಷರ ಮಗಳ ಮದುವೆ ಗೊತ್ತಾಯಿತು. ಮದುಮಗಳಿಗೆ ಹಸಿರು ಬಳೆ ಇಡಿಸಬೇಕು. ಇನ್ನೂ ಊರು ಬಿಡದಿದ್ದ ಹುಸೇನಬಿಗೆ ಕರೆ ಹೋಯಿತು. ಕರೆಯಲು ಬಂದ ಆಳಿಗೆ ಅವಳು ನನ್ನ ಅಂಗಡಿಯ ಮುಂದೆಯೇ ನಿಂತು, "ಮನಿಗಿ ಬರಂಗಿಲ್ಲ. ನಿಮ್ಮ ಗಂಗವ್ವಗ ಲಗ್ನದ ಬಳಿ ಇಲ್ಲೇ ಇಟ್ಟೇನಿ, ಮಗಳಿಗೂ ಇಲ್ಲೇ ಇಡ್ತೇನಿ. ಕೂಡಾಕ ಜಾಗಾ ಮಾಡ್ರಿ ಅಂತ ಹೇಳು" ಎಂದಳು. ಗಂಗವ್ವ ಅಂದರೆ ಅಧ್ಯಕ್ಷರ ಹೆಂಡತಿ. ಬೇರೆ ಬಳೆಗಾರ್ತಿಯನ್ನು ಕರೆಸಿರೆಂದು ಅಧ್ಯಕ್ಷರು ಕೂಗಾಡಿದರಂತೆ.

ಮರುದಿನ ಸಂತೆಯ ಜನ ತುಂಬಿದ ಹೊತ್ತಿಗೆ ಬಂಡಿಯೊಂದು ಬಂದು ನಿಂತಿತು. ಅದರಲ್ಲಿ ನನ್ನ ಹಲಗೆಗಳು! ಸಗಣಿ ಮೆತ್ತಿದ್ದರೂ ಡಾಂಬರಿನ ಅಂಕಿಗಳು ಅಳಿಸಿರಲಿಲ್ಲ. ಗಂಗವ್ವ ಮುಂದೆ ನಿಂತು ಅವನ್ನು ತೊಳೆಸಿ, ಗಟಾರದ ಮೇಲೆ ಹಾಸಿಸಿ, ಹುಸೇನಬಿಯ ಕೈ ಹಿಡಿದು ಕೂಡಿಸಿ, ಮಗಳನ್ನು ಅವಳೆದುರು ಕೂಡಿಸಿದರು. ಅಧ್ಯಕ್ಷರು ಓಡಿಬಂದು ನೆರೆದ ಜನವನ್ನು ನೋಡಿ, "ಆತು, ಇವತ್ತೊಂದ ದಿನ ಇರಲಿ" ಎಂದು ಗೊಣಗಿದರು.

ಗಂಗವ್ವ ತಲೆಯೆತ್ತದೆ ಹೇಳಿದರು: "ಈ ಹಲಗಿ ಇನ್ನ ಮನಿಗಿ ಬರಂಗಿಲ್ಲ. ನಿಮ್ಮ ಎತ್ತಿಗಿ ಬ್ಯಾರೆ ಗೋದಲಿ ಮಾಡಸ್ರಿ."

ಆಗ ಬಜಾರದಲ್ಲಿ ಯಾರೂ ನಗಲಿಲ್ಲ. ನನ್ನ ಸಿಟ್ಟು ಇಳಿಯಿತೇ ಎಂದು ಕೇಳುತ್ತೀರಿ. ಇಲ್ಲ, ಯಾಕೆ ಇಳಿಯಬೇಕು? ಮೀಸೆ ಹೊತ್ತ ಇಡೀ ಸಂಘ ಆಡಲಾಗದ ಮಾತನ್ನು, ಅದೂ ಒಂದು ಮದುವೆಯ ನೆಪ ಸಿಕ್ಕಿತೆಂದು, ಗಂಗವ್ವ ಆಡಬೇಕಾಯಿತು. ಮದುವೆ ಇಲ್ಲದಿದ್ದರೆ ಹುಸೇನಬಿ ಊರು ಬಿಟ್ಟು ಹೋಗುತ್ತಿದ್ದಳು, ನಾವು ಚಹಾ ಕುಡಿಯುತ್ತಿದ್ದೆವು.

ಈಗ ಬೆಳಿಗ್ಗೆ ಬಂದವನು ಮೊದಲು ಗಟಾರದ ಮೇಲೆ ಹಲಗೆ ಹಾಸುತ್ತೇನೆ. ಹುಸೇನಬಿ ಕೂತು ಬುಟ್ಟಿ ಬಿಚ್ಚಿದ ಮೇಲೆಯೇ ಶಟರಿಗೆ ಕೈ ಹಚ್ಚುತ್ತೇನೆ. ಆ ದರಿದ್ರ ಶಟರ್ ಗರ್ಜಿಸಲು ಬಾಯಿ ತೆರೆಯುವಷ್ಟರಲ್ಲಿ ಬೆನ್ನ ಹಿಂದಿನಿಂದ ಗದರಿಕೆ ಬರುತ್ತದೆ: "ಸಾವಕಾಶ ಎತ್ತೋ ತಮ್ಮಾ, ನನ್ನ ಬಳಿ ಒಡದಾವು!"

ಸಾವಕಾಶ ಎತ್ತುತ್ತೇನೆ.