ಗೀಟು ಎಳೆದ ಸಾಲು

ವಿವರಣೆಗೆ ಸಿಗದ ಇಂಥ ಅನುಭವ ಹೇಳುವವರನ್ನು ನಾನು ನಂಬುತ್ತಿರಲಿಲ್ಲ. ನೆನಪು ತನಗೆ ಬೇಕಾದ ಹಾಗೆ ತೇಪೆ ಹಾಕಿಕೊಳ್ಳುತ್ತದೆ ಎಂದು ವಾದಿಸುತ್ತಿದ್ದೆ. ಆ ವಾದ ಈಗಲೂ ಬಿಟ್ಟಿಲ್ಲ. ನನ್ನ ಮಾತನ್ನೂ ಅನುಮಾನದಿಂದಲೇ ಓದಿ.

ಸಂಡೂರಿನ ಗುಡ್ಡಗಳನ್ನು ಕಬ್ಬಿಣದ ಅದಿರಿಗಾಗಿ ಹಗಲು ರಾತ್ರಿ ಅಗೆಯುತ್ತಿದ್ದ ಕಾಲ. ಬಂಡ್ರಿಯ ಶಾಲೆಯಲ್ಲಿ ಒಂದು ದಿನದ ಕ್ಯಾನ್ಸರ್ ತಪಾಸಣೆ ಶಿಬಿರ ಇತ್ತು. ಬಂದವರ ಹೆಸರು, ವಿವರ ಬರೆದುಕೊಳ್ಳಲು ನಾನು ಹೊಸಪೇಟೆಯಿಂದ ಹೋಗಿದ್ದೆ. ಶಾಲೆಯ ಮುಂದಿನ ರಸ್ತೆಯಲ್ಲಿ ಅದಿರಿನ ಲಾರಿಗಳು ಸಾಲುಗಟ್ಟಿದ್ದವು. ಈ ರೋಗ ನೋಡುವ ಡಾಕ್ಟರು ಅಲ್ಲಿಗೆ ಬಂದದ್ದು ಅದೇ ಮೊದಲು. ಡಾಕ್ಟರಮ್ಮ ಕೊಠಡಿಯೊಳಗಿಂದ ಹೇಳಿದ್ದನ್ನು ಬಾಗಿಲಲ್ಲಿ ಕೂತ ನಾನು ರಿಜಿಸ್ಟರಿನ ಕೊನೆಯ ಕಾಲಂನಲ್ಲಿ ಬರೆಯುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಒಂದೇ ಪುಟವನ್ನು ಮತ್ತೆ ಮತ್ತೆ ನಕಲು ಮಾಡುತ್ತಿದ್ದೇನೆ ಅನ್ನಿಸಿತು. ಗುಟ್ಕಾ ತಿನ್ನುವ ಡ್ರೈವರುಗಳಿಗೆ ಬಾಯಿ. ಹೆಂಗಸರಿಗೆ ಗರ್ಭಕೋಶದ ಕೊರಳು, ಇಲ್ಲವೇ ಸ್ತನ. ದವಡೆಯಲ್ಲಿ ತಂಬಾಕು ಇಟ್ಟುಕೊಂಡೇ ಅದಿರು ಒಡೆಯುವ ಹೆಂಗಸರಿಗೆ ಮತ್ತೆ ಬಾಯಿ. ಎಲ್ಲದರ ಮುಂದೆ 'ಅನುಮಾನ'. ಎಲ್ಲರ ಕೈಗೂ ದೂರದ ಊರಿನ ಆಸ್ಪತ್ರೆಯ ಚೀಟಿ.

ಹನುಮಕ್ಕ ಎಂಬಾಕೆ ಬಂದು ಕೂತಳು. ಅದಿರು ಒಡೆಯುವವಳು, ನಲವತ್ತೋ ಐವತ್ತೋ.

"ಬಾಯಿ ನೋಡ್ತಾರಂತ ಹೌದೇನ್ರಿ ತಮ್ಮಾ? ನನ್ನ ಬಾಯಿ ಎಂಥಾದ್ದಂತ ನಮ್ಮತ್ತೀನ ಕೇಳ್ರಿ, ಡಾಕ್ಟ್ರು ಯಾಕ ಬೇಕು?"

ಸಾಲಿನಲ್ಲಿದ್ದವರು ನಕ್ಕರು. ನಾನೂ ನಗುತ್ತ ಹೆಸರು ಬರೆದೆ. ನೋಡಿದರೆ ಕೊನೆಯ ಕಾಲಂ ಕೂಡ ತುಂಬಿತ್ತು: ಎಡಗಡೆ, ಕೊನೆಯ ದವಡೆ ಹಲ್ಲಿನ ಹಿಂದೆ, ಹುಣ್ಣು. ನನ್ನದೇ ಅಕ್ಷರ. ಆಕೆ ಇನ್ನೂ ಒಳಗೇ ಹೋಗಿರಲಿಲ್ಲ.

ಅದನ್ನು ಬರೆದ ನೆನಪು ನನಗಿಲ್ಲ. ಡಾಕ್ಟರಮ್ಮ ಬೈದಾರೆಂದು ಗೀಟು ಎಳೆದೆ. ಆಕೆಯ ಸರದಿ ಬರುವ ಮೊದಲೇ, ಡಾಕ್ಟರಮ್ಮನ ಜೀಪು ಹೊರಡುವ ಹೊತ್ತಾಯಿತೆಂದು ಶಿಬಿರ ಮುಗಿಸಿದರು. "ಉಳಿದೋರು ಮುಂದಿನ ತಿಂಗಳ ಬರ್ರಿ" ಎಂದು ಕೂಗಿದವನು ನಾನೇ. ಮುಂದಿನ ತಿಂಗಳು ಶಿಬಿರ ನಡೆಯಲಿಲ್ಲ. ಆಮೇಲೂ ಇಲ್ಲ.

ವರ್ಷದ ಮೇಲೆ ಹೊಸಪೇಟೆ ಬಸ್ ನಿಲ್ದಾಣದಲ್ಲಿ ಹನುಮಕ್ಕನೇ ನನ್ನ ಗುರುತು ಹಿಡಿದಳು. ಎಡಗೆನ್ನೆಗೆ ಸೆರಗು ಒತ್ತಿಕೊಂಡಿದ್ದಳು. ಬಾಯಿ ಒಂದು ಬೆರಳಿನಷ್ಟೇ ತೆರೆಯುತ್ತಿತ್ತು.

"ಹಿಂದಿನ ಹಲ್ಲಿಂದ ಸುರು ಆಗೈತಂತ. ಭಾಳ ಲೇಟಾತು ಅಂದ್ರು. ಅವತ್ತ ನನ್ನ ಹೆಸರಿನ ಮುಂದ ಏನೋ ಬರದು ಗೀಟ ಹೊಡದ್ರಲ್ಲ, ಏನದು?"

"ಹೆಸರು ತಪ್ಪಾಗಿತ್ತು" ಎಂದೆ.

"ಹನುಮಕ್ಕ ಅನ್ನೋದ್ರಾಗ ತಪ್ಪೇನು ಬರತೈತ್ರಿ?" ಎಂದಳು. ಬಸ್ಸು ಬಂದಿತ್ತು, ಹತ್ತಿದಳು.

ಅವತ್ತು ಬೆಳಿಗ್ಗೆಯಿಂದ ಅದನ್ನೇ ಬರೆದ ಕೈ ರೂಢಿಯಿಂದ ಬರೆದಿರಬಹುದು. ಆದರೆ ಯಾವ ಹಲ್ಲು ಎಂಬುದು ಕೈಗೆ ಹೇಗೆ ಗೊತ್ತು? ಆಕೆ ಮಾತಾಡುವಾಗ ನನಗೇ ಹುಣ್ಣು ಕಂಡಿತ್ತೇ? ಕಂಡಿದ್ದರೆ, ಕಂಡೂ ಸುಮ್ಮನೆ ಕಳಿಸಿದ್ದೇನೆ. ಅದಕ್ಕೇ ಇದನ್ನು ವಿಚಿತ್ರ ಎನ್ನುವುದು ನನಗೆ ಅನುಕೂಲ. ನಿಜ ಯಾವುದೋ, ಇವತ್ತಿಗೂ ಗೊತ್ತಿಲ್ಲ. ಗೀಟು ಮಾತ್ರ ಸ್ಪಷ್ಟವಾಗಿ ನೆನಪಿದೆ. ಸೊಟ್ಟ ಆಗಬಾರದೆಂದು ಸ್ಕೇಲ್ ಇಟ್ಟು ಎಳೆದಿದ್ದೆ.