ಮೂರುಗಳ ಸಾಲಿನ ಎಂಟನೆಯ ಸಂಖ್ಯೆ

ತಪ್ಪು ನನ್ನದೇ. ಫೋನಿನಲ್ಲಿ ಅರ್ಧ ನಿಮಿಷ ಭಾಗಿಸಿ ನೋಡಬೇಕಾಗಿದ್ದ ಸಂಖ್ಯೆಯನ್ನು ನೋಡದೆಯೇ ಹೇಳಿದೆ. ಅದೂ ಸಾಲದೆಂದು ಇನ್ನೊಬ್ಬರ ದನಿಯಲ್ಲಿ ಹೇಳಿದೆ.

ಆಳಂದದ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ನಾನು ಗಣಿತದ ಅತಿಥಿ ಶಿಕ್ಷಕ. ಮಕ್ಕಳು ಕಾಯುವುದು ಪಾಠಕ್ಕಲ್ಲ, ನನ್ನ ಮಿಮಿಕ್ರಿಗೆ. ಜೇವರ್ಗಿ ಕಡೆಯ ನಮ್ಮ ಹೆಡ್‌ಮಾಸ್ತರರು ಕೆಮ್ಮಿ, "ತಿಳೀತಿಲ್ಲೋ?" ಎನ್ನುವುದನ್ನು ಅವರಿಗಿಂತ ನಾನೇ ಚೆನ್ನಾಗಿ ಮಾಡುತ್ತೇನೆ.

ಅಫಜಲಪುರದ ಗಣಿತ ಪ್ರದರ್ಶನಕ್ಕೆ ನಮ್ಮ ಶಾಲೆಯಿಂದ ಹೋಗುವವಳು ಒಂಬತ್ತನೇ ತರಗತಿಯ ಒಬ್ಬಳೇ ಹುಡುಗಿ. ವಿಷಯ ಅವಿಭಾಜ್ಯ ಸಂಖ್ಯೆಗಳು. ಚಾರ್ಟಿನಲ್ಲಿ ತಪ್ಪು ಸಿಕ್ಕರೆ ತೀರ್ಪುಗಾರರ ಮುಂದೆ ತಲೆ ತಗ್ಗಿಸಬೇಕಾದವಳೂ ಅವಳೇ. ನಾನು ಬೋರ್ಡಿನ ಮೇಲೆ 31, 331, 3331 ಎಂದು ಶುರು ಮಾಡಿ, ಒಂದೊಂದೇ ಮೂರು ಸೇರಿಸುತ್ತ 33333331ರವರೆಗೆ ಬರೆದೆ. ಏಳೂ ಅವಿಭಾಜ್ಯ, ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗುವುದಿಲ್ಲ. ಅಲ್ಲಿಗೆ ನಿಲ್ಲಿಸಬಹುದಿತ್ತು. 333333331 ಎಂದು ಬರೆದು, "ಇದೂ ಹಂಗೇ" ಎಂದೆ.

"ಭಾಗಿಸಿ ನೋಡೀರೇನ್ರಿ ಸರ?" ಆ ಹುಡುಗಿ ಕೇಳಿದಳು.

"ಏಳು ಮಂದಿ ಅಣ್ಣತಮ್ಮರು ಒಂದೇ ಥರ ಇದ್ದಮ್ಯಾಲೆ ಎಂಟನೇದವ ಬ್ಯಾರೆ ಇರ್ತಾನೇನು ಬೇ?"

"ನಮ್ಮನಿಯಾಗ ನಾಕನೇದವನೇ ಬ್ಯಾರೆ ಅದಾನ್ರಿ."

ತರಗತಿ ಗೊಳ್ಳೆಂದು ನಕ್ಕಿತು. ನಕ್ಕಿದ್ದು ಅವಳ ಅಣ್ಣನಿಗೋ ನನಗೋ ಎಂಬ ಸಂಶಯ ನನಗೆ ಅಲ್ಲಿಂದಲೇ ಅಂಟಿಕೊಂಡಿತು.

ಮರುದಿನ ಚಾರ್ಟಿನಲ್ಲಿ ಎಂಟನೆಯ ಸಾಲು ಖಾಲಿ. ನೋಟ್‌ಬುಕ್ಕಿನ ತುಂಬ ಏಳರಿಂದ, ಹನ್ನೊಂದರಿಂದ, ಹದಿಮೂರರಿಂದ ಉದ್ದುದ್ದ ಭಾಗಾಕಾರ. ಹತ್ತಿರ ಹೋದರೆ ಪುಟ ಮುಚ್ಚುತ್ತಾಳೆ. ಯಾರು ಹೇಳಿಕೊಡುತ್ತಿದ್ದಾರೆ? ಪ್ರದರ್ಶನದಲ್ಲಿ ನನ್ನ ಮಾನ ಹರಾಜು ಹಾಕುವ ಯೋಚನೆಯೇ? ಹಿಂದಿ ಮೇಷ್ಟ್ರ ಮೇಲೂ ಅನುಮಾನ ಬಂತು. ಪಾಪ, ಅವರಿಗೆ ಹನ್ನೆರಡರ ಮಗ್ಗಿ ದಾಟಿದರೆ ಬೆವರು. ಭಾಗಿಸಿ ನೋಡುವುದೊಂದನ್ನು ಬಿಟ್ಟು ನಾನು ಎಲ್ಲವನ್ನೂ ಯೋಚಿಸಿದೆ.

ಪ್ರದರ್ಶನದ ಹಿಂದಿನ ದಿನ ಸಂಜೆ ತಂಗಿಯ ಫೋನಿನಿಂದ ಅವಳ ಮನೆಗೆ ಕರೆ ಮಾಡಿ, ಮೊದಲು ಕೆಮ್ಮಿದೆ.

"ಹೆಡ್‌ಮಾಸ್ತರ ಮಾತಾಡಾಕತ್ತೇನಿ. ನಿಮ್ಮ ಸರ ಹೇಳಿದ್ದು ಖರೆ ಅದ. ಎಂಟನೇದು ಬರಿ. ತಿಳೀತಿಲ್ಲೋ?"

"...ಹೂಂನ್ರಿ."

ಆ 'ಹೂಂ' ಬರಲು ಹಿಡಿದ ಹೊತ್ತು ನನಗೆ ಹಿಡಿಸಲಿಲ್ಲ.

ಬೆಳಿಗ್ಗೆ ಬಸ್ಸಿಗೆ ಹೊರಡುವ ಮೊದಲು ಶಾಲೆಯ ಅಂಗಳದಲ್ಲಿ ಅವಳು ಚಾರ್ಟ್ ಬಿಚ್ಚಿ ತೋರಿಸಿದಳು. ಎಂಟನೆಯ ಸಾಲಿನಲ್ಲಿ ಕೆಂಪು ಶಾಯಿ: 333333331 = 17 × 19607843. ನಾನು ಫೋನ್ ತೆಗೆದು ಮೊದಲ ಸಲ ಭಾಗಿಸಿದೆ. ಶೇಷ ಸೊನ್ನೆ. ಸುಮ್ಮನಿರಬೇಕಿತ್ತು. ಬಾಯಿ ಕೇಳಬೇಕಲ್ಲ.

"ನಿನ್ನೆ ಹೆಡ್‌ಮಾಸ್ತರರು ಫೋನಿನಾಗ ಬರಿ ಅಂದಿದ್ರಲ್ಲವಾ?"

ಪಕ್ಕದಲ್ಲೇ ನಿಂತಿದ್ದ ಹೆಡ್‌ಮಾಸ್ತರರು ತಿರುಗಿ ನೋಡಿದರು. "ನಾ ಯಾವಾಗ ಫೋನ್ ಮಾಡೀನ್ರೀ?"

ಹುಡುಗಿ ಚಾರ್ಟ್ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

"ಯಾರ ದನಿಯಾಗ ಹೇಳಿದ್ರೂ ಅದು ಹದಿನೇಳರಿಂದ ಭಾಗ ಹೋಗ್ತದ್ರಿ ಸರ."