ಅಜ್ಜಿ ಬಿಟ್ಟ ನಾಲ್ಕು ಬೆರಳು ಬಟ್ಟೆ

ಹೊಲಿಗೆಯ ಅಜ್ಜಿಗೆ ಒಂದು ಚಾಳಿ. ಏನು ಹೊಲಿದರೂ ಅಂಚಿನ ಒಳಗೆ ನಾಲ್ಕು ಬೆರಳು ಬಟ್ಟೆ ಮಡಿಸಿ ಬಿಡಲೇಬೇಕು. ಮಕ್ಕಳು ಬೆಳೆಯುತ್ತವೆ, ಬಟ್ಟೆ ಬೆಳೆಯುವುದಿಲ್ಲವಲ್ಲ! ಮಗಳ ಬಾಣಂತನಕ್ಕೆಂದು ಕಡಲು ದಾಟಿ ಬಂದವಳು ಹನ್ನೊಂದು ವರ್ಷದಿಂದ ಇಲ್ಲೇ ಇದ್ದಾಳೆ. ಬಸ್ ನಿಲ್ದಾಣದ ಎದುರಿನ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ, ಇಸ್ತ್ರಿಯ ಹಬೆಯ ನಡುವೆ ಕೂತು, ಊರವರ ಪ್ಯಾಂಟುಗಳನ್ನೆಲ್ಲ ಗಿಡ್ಡ ಮಾಡುವುದು ಅವಳ ಕೆಲಸ. ಹೆಚ್ಚಿನ ಬಟ್ಟೆ ಕತ್ತರಿಸಿ ಬಿಸಾಕು ಎಂದು ಮಾಲೀಕ ಹೇಳಿ ಹೇಳಿ ಸಾಕಾಗಿ ಸುಮ್ಮನಾದ. ಇಲ್ಲಿ ಬಟ್ಟೆ ಗಿಡ್ಡವಾದರೆ ಜನ ಹೊಸದು ಕೊಳ್ಳುತ್ತಾರೆ, ಬಿಚ್ಚಿ ಇಳಿಸುವುದಿಲ್ಲ ಎಂಬುದು ಅಜ್ಜಿಯ ತಲೆಗೆ ಹೋಗಲೇ ಇಲ್ಲ.

ಮೊಮ್ಮಗಳ ಶಾಲೆಯ ಸ್ಕರ್ಟನ್ನೂ ಅವಳೇ ಹೊಲಿದಿದ್ದಳು. ವರ್ಷಕ್ಕೊಮ್ಮೆ ಅಂಚು ಬಿಚ್ಚಿ ಇಳಿಸಿದಾಗಲೆಲ್ಲ ಹಳೆಯ ಮಡಿಕೆಯ ಗೆರೆ ಹಾಗೇ ಉಳಿಯುತ್ತಿತ್ತು. ಹತ್ತು ತುಂಬಿದ ವರ್ಷ ಹುಡುಗಿ ಅದನ್ನು ಮಂಚದ ಮೇಲೆ ಎಸೆದು, ಕ್ಲಾಸಿನಲ್ಲಿ ಬೇರೆ ಯಾರ ಸ್ಕರ್ಟಿಗೂ ಗೆರೆಯಿಲ್ಲ ಎಂದು ಅತ್ತಳು.

"ನಾನೂ ಎಲ್ಲರ ಥರ ಇರ್ಬೇಕು ಅಜ್ಜಿ."

ಅಜ್ಜಿಗೆ ತನ್ನನ್ನೇ ಬೇಡ ಎಂದಂತೆ ಕೇಳಿಸಿತು. ಆದರೂ ಹೊಸ ಸ್ಕರ್ಟು ಹೊಲಿದು, ಜೀವಮಾನದಲ್ಲೇ ಮೊದಲ ಸಲ, ಒಳಗೆ ಮಡಿಸಬೇಕಾದ ನಾಲ್ಕು ಬೆರಳನ್ನೂ ಕತ್ತರಿಸಿದಳು. ಬಿಸಾಕಲು ಮಾತ್ರ ಮನಸ್ಸು ಬಾರದೆ ಆ ಪಟ್ಟಿಯನ್ನು ಮೆಷಿನ್ನಿನ ಡ್ರಾಯರಿಗೆ ತುರುಕಿದಳು. ಹುಡುಗಿ ಕುಣಿದುಕೊಂಡು ಶಾಲೆಗೆ ಹೋದಳು. ಅಂದಿನಿಂದ ಅಜ್ಜಿ ತಾನಾಗಿ ಅವಳಿಗೆ ಏನನ್ನೂ ಹೊಲಿಯಲು ಹೋಗಲಿಲ್ಲ.

ವರ್ಷ ತುಂಬುವುದರೊಳಗೆ ಸ್ಕರ್ಟು ಮೊಣಕಾಲಿನ ಮೇಲೇರಿತು. ಹೊಸದು ತರೋಣ ಎಂದು ಅಮ್ಮ ಅಂದರೂ ಕೇಳದೆ ಹುಡುಗಿ ಅದನ್ನು ಹಿಡಿದು ಅಜ್ಜಿಯ ಬಳಿ ಬಂದಳು. ಕ್ಲಾಸಿನಲ್ಲಿ ಈಗ ಹುಡುಗಿಯ ಪಕ್ಕ ಕೂರುವವಳು ಇನ್ಯಾವುದೋ ದೇಶದಿಂದ ಬಂದವಳಂತೆ. ಅವಳ ಸ್ಕರ್ಟಿಗೆ ಮೂರು ಗೆರೆ, ಅವಳಮ್ಮ ವರ್ಷಕ್ಕೊಮ್ಮೆ ಇಳಿಸಿದ್ದಂತೆ. ನನಗೂ ನಮ್ಮಜ್ಜಿ ಹಾಗೇ ಮಾಡ್ತಾಳೆ ಎಂದು ಇವಳು ಜಂಬ ಕೊಚ್ಚಿಕೊಂಡು ಬಂದಿದ್ದಳು.

"ಇದನ್ನೂ ಇಳಿಸ್ಕೊಡು ಅಜ್ಜಿ."

"ಒಳಗೆ ಬಟ್ಟೆ ಎಲ್ಲಿದೆ ಕಂದಾ? ಕತ್ತರಿಸ್ಬಿಟ್ಟೆನಲ್ಲ."

ಹುಡುಗಿಯ ಮುಖ ಸಪ್ಪಗಾಯಿತು. ಅಜ್ಜಿ ಮೆಲ್ಲಗೆ ಡ್ರಾಯರು ಎಳೆದಳು. ಪಟ್ಟಿ ಹೊಸದರಂತೆಯೇ ಇತ್ತು. ಸ್ಕರ್ಟು ಒಗೆದು ಒಗೆದು ಮಾಸಿತ್ತು. ಜೋಡಿಸಿದರೆ ದೂರದಿಂದಲೇ ಎದ್ದು ಕಾಣುತ್ತದೆ, ಆಮೇಲೆ ಅಳಬಾರದು ಎಂದು ಎಚ್ಚರಿಸಿದಳು.

"ಕಾಣ್ಲಿ ಬಿಡು," ಎಂದು ಹುಡುಗಿ ಸೂಜಿಗೆ ದಾರ ಪೋಣಿಸಿಕೊಟ್ಟಳು.

ಅಜ್ಜಿ ಕನ್ನಡಕ ಒರೆಸಿಕೊಂಡು ಹೊಲಿಯಲು ಕೂತಳು. ಆ ಪಟ್ಟಿಯ ಕೊನೆಯಲ್ಲೂ ಒಂದು ಬೆರಳು ಬಟ್ಟೆ ಒಳಗೆ ಮಡಿಸಿ ಬಿಟ್ಟಳು.